ಫ್ಲಡ್ ಟೇಬಲ್‌ಗೆ ಚಟ್ಟಿ ಆರಿಸುವ ಕ್ರಮ: ಕಾಸರಗೋಡಿನ ಮಳೆ, ಸೆಕೆ, ನೀರಿಗೆ ಒಗ್ಗುವಂತೆ

ಮಣ್ಣಿಲ್ಲದೆ ತರಕಾರಿ ಬೆಳೆಸುವ (ಹೈಡ್ರೋಪೋನಿಕ್ಸ್) ಹಲವು ವಿಧಾನಗಳಲ್ಲಿ ಫ್ಲಡ್ ಟೇಬಲ್ ಕಲಿಯಲು ಸುಲಭ. ಅಗಲದ ತಟ್ಟೆಯಂಥ ಮೇಜು, ಅದರ ಕೆಳಗೆ ಗೊಬ್ಬರದ ನೀರಿನ ಟ್ಯಾಂಕಿ, ಒಂದು ಸಣ್ಣ ಪಂಪು, ಒಂದು ಟೈಮರ್. ಪಂಪು ನೀರನ್ನು ಮೇಜಿಗೆ ಹತ್ತಿಸುತ್ತದೆ, ಹತ್ತು ಹದಿನೈದು ನಿಮಿಷ ನೀರು ಅಲ್ಲಿ ನಿಲ್ಲುತ್ತದೆ, ಪಂಪು ನಿಂತ ಕೂಡಲೇ ಬಂದ ದಾರಿಯಲ್ಲೇ ಇಳಿದು ಟ್ಯಾಂಕಿ ಸೇರುತ್ತದೆ. ನೀರು ಏರುವಾಗ ಚಟ್ಟಿಯೊಳಗಿನ ಹಳೆಯ ಗಾಳಿಯನ್ನು ಹೊರಗೆ ತಳ್ಳುತ್ತದೆ, ಇಳಿಯುವಾಗ ಹೊಸ ಗಾಳಿಯನ್ನು ಒಳಗೆ ಎಳೆಯುತ್ತದೆ. ಬೇರಿಗೆ ನೀರೂ ಉಸಿರೂ ಎರಡೂ ಸಿಗುವುದು ಈ ಏರಿಳಿತದಿಂದಲೇ.

ಹಾಗಾಗಿ ಇಲ್ಲಿ ಚಟ್ಟಿಯ ಕೆಲಸ ಅಂಗಳದ ಹೂಚಟ್ಟಿಯ ಕೆಲಸದಂತಲ್ಲ. ಅದು ತಳದಿಂದ ತುಂಬಬೇಕು, ತಳದಿಂದಲೇ ಪೂರ್ತಿ ಬಸಿಯಬೇಕು. ಗಿಡ ಯಾವುದು ಎಂದು ನೋಡಿ ಚಟ್ಟಿ ಕೊಳ್ಳುವವರು ಹೆಚ್ಚು. ಆದರೆ ಮೊದಲು ನೋಡಬೇಕಾದ್ದು ಮೇಜಿನಲ್ಲಿ ನೀರು ಎಷ್ಟು ಎತ್ತರಕ್ಕೆ ಏರುತ್ತದೆ, ಚಟ್ಟಿಯೊಳಗೆ ಏನು ತುಂಬುತ್ತೀರಿ (ಮಾಧ್ಯಮ ಎನ್ನುವುದು ಇದನ್ನೇ) ಎಂಬ ಎರಡು ವಿಷಯ. ಗಿಡದ ಸರದಿ ಆಮೇಲೆ.

ಮೊದಲು ಮೇಜನ್ನು ಅಳೆಯಿರಿ

ಮೇಜಿನ ಒಳ ಅಳತೆ, ಅಂಚಿನ ಎತ್ತರ, ಹೆಚ್ಚಾದ ನೀರನ್ನು ಟ್ಯಾಂಕಿಗೆ ಇಳಿಸುವ ಓವರ್‌ಫ್ಲೋ ಪೈಪಿನ ಬಾಯಿಯ ಎತ್ತರ ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ನೀರು ನಿಲ್ಲುವ ಎತ್ತರವನ್ನು ತೀರ್ಮಾನಿಸುವುದು ಓವರ್‌ಫ್ಲೋ ಪೈಪು, ಅಂಚಲ್ಲ. ಅಂಚಿಗಿಂತ ಪೈಪಿನ ಬಾಯಿ ಕನಿಷ್ಠ 3 ಸೆಂ.ಮೀ. ಕೆಳಗಿರಲಿ. ಬೇರು ಅಡ್ಡ ಬಂದು ಪೈಪು ಅರ್ಧ ಕಟ್ಟಿದಾಗ ಟ್ಯಾಂಕಿಯ ನೀರೆಲ್ಲ ನೆಲಕ್ಕೆ ಹೋಗದಂತೆ ಉಳಿಸುವುದು ಆ 3 ಸೆಂ.ಮೀ.

ಉದಾಹರಣೆಗೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಮೇಜು ತೆಗೆದುಕೊಳ್ಳೋಣ. 5 ಸೆಂ.ಮೀ. ನೀರು ನಿಂತರೆ 36 ಲೀಟರ್. 10 ಸೆಂ.ಮೀ. ಆದರೆ 72 ಲೀಟರ್. ಚಟ್ಟಿಗಳು ಜಾಗ ಹಿಡಿಯುವುದರಿಂದ ನಿಜವಾಗಿ ಸ್ವಲ್ಪ ಕಡಿಮೆಯೇ ಸಾಕಾಗುತ್ತದೆ, ಆದರೂ ಟ್ಯಾಂಕಿ ಈ ಲೆಕ್ಕದ ಎರಡು ಪಾಲು ಇರಬೇಕು. ನೀರೆಲ್ಲ ಮೇಲೆ ಹೋದಾಗಲೂ ಪಂಪು ಮುಳುಗಿರಬೇಕಲ್ಲ. ಆಳದ ಚಟ್ಟಿ, ಉಂಡೆ ಕಲ್ಲಿನ ಮಾಧ್ಯಮ ಎಂದು ನಿರ್ಧರಿಸಿದರೆ ನೀರಿನ ಎತ್ತರ ಹೆಚ್ಚಬೇಕು, ಟ್ಯಾಂಕಿ ದೊಡ್ಡದಾಗಬೇಕು, ಮೇಜಿನ ಕಾಲೂ ಗಟ್ಟಿಯಾಗಬೇಕು. ಚಟ್ಟಿಯ ಆಯ್ಕೆ ಇಡೀ ಖರ್ಚನ್ನು ಎಳೆದುಕೊಂಡು ಹೋಗುವುದು ಹೀಗೆ.

ಒಳಗೆ ಏನು ತುಂಬುವುದು

ತೆಂಗಿನ ನಾರಿನ ಹುಡಿ ನೀರನ್ನು ತಾನಾಗಿ ಮೇಲಕ್ಕೆ ಎಳೆಯುತ್ತದೆ. 15 ಸೆಂ.ಮೀ. ಎತ್ತರದ ಚಟ್ಟಿಗೆ ತಳದಿಂದ 5 ಸೆಂ.ಮೀ. ನೀರು ಕೊಟ್ಟರೂ ಬೇರಿನ ಭಾಗ ಪೂರ್ತಿ ಒದ್ದೆಯಾಗುತ್ತದೆ. ಅಂದರೆ ಚಟ್ಟಿಯ ಎತ್ತರದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನೀರು ಬಂದರೆ ಸಾಕು. ಹುಡಿಗೆ ತೆಂಗಿನ ಸಿಪ್ಪೆಯ ಸಣ್ಣ ತುಂಡು ಅರ್ಧಕ್ಕರ್ಧ ಬೆರೆಸಿದರೆ ಎಳೆಯುವ ಶಕ್ತಿ ಕಡಿಮೆ, ಗಾಳಿ ಜಾಸ್ತಿ. ಆಗ ಮೂರನೇ ಒಂದರಿಂದ ಅರ್ಧದವರೆಗೆ ನೀರು ಬೇಕು. ಕ್ಲೇ ಬಾಲ್ ಎಂದು ಸಿಗುವ ಸುಟ್ಟ ಮಣ್ಣಿನ ಹಗುರ ಉಂಡೆ ಅಥವಾ ಜಲ್ಲಿ ನೀರನ್ನು ಮೇಲಕ್ಕೆ ಎಳೆಯುವುದು ತೀರಾ ಕಡಿಮೆ. ಅವುಗಳಲ್ಲಿ ಮೇಲ್ಮೈಗಿಂತ 2–3 ಸೆಂ.ಮೀ. ಕೆಳಗಿನವರೆಗೆ ನೀರು ಏರಲೇಬೇಕು. ಮೇಲ್ಮೈ ಮಾತ್ರ ಯಾವುದರಲ್ಲೂ ಒದ್ದೆಯಾಗಬಾರದು. ಅಲ್ಲಿ ಒದ್ದೆ ನಿಂತರೆ ಪಾಚಿ, ಸಣ್ಣ ಕಪ್ಪು ನೊಣ, ಸಸಿಯ ಬುಡ ಕೊಳೆಯುವುದು ಮೂರೂ ಬರುತ್ತವೆ.

ಕಾಸರಗೋಡಿನಲ್ಲಿ ನಾರಿನ ಹುಡಿಯೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸುಲಭದಲ್ಲಿ ಸಿಗುತ್ತದೆ ಎಂಬುದಷ್ಟೇ ಕಾರಣವಲ್ಲ. ಜೂನ್ ಗಾಳಿಗೆ ತೆಂಗೋ ಅಡಿಕೆಯೋ ತಂತಿಯ ಮೇಲೆ ಬಿದ್ದು ದಿನವಿಡೀ ಕರೆಂಟು ಹೋದರೆ ನಾರಿನ ಹುಡಿಯ ಎರಡು ಲೀಟರ್ ಚಟ್ಟಿ ಒಂದು ದಿನ ಗಿಡವನ್ನು ಕಾಯುತ್ತದೆ. ಸುತ್ತ ಜಾಲರಿಯಿರುವ ಸಣ್ಣ ನೆಟ್ ಪಾಟ್‌ನಲ್ಲಿ ಕ್ಲೇ ಬಾಲ್ ತುಂಬಿ ನೆಟ್ಟ ಸೊಪ್ಪು ಬಿಸಿಲಿದ್ದರೆ ಅದೇ ಮಧ್ಯಾಹ್ನ ಬಾಡುತ್ತದೆ.

ಆದರೆ ಹುಡಿಯನ್ನು ತೊಳೆಯದೆ ತುಂಬಬೇಡಿ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಇರುತ್ತವೆ. ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯದಾದರೆ ಉಪ್ಪು ಇನ್ನೂ ಹೆಚ್ಚು. ಹುಡಿಯನ್ನು ಒತ್ತಿ ಮಾಡಿದ 5 ಕಿಲೋ ಇಟ್ಟಿಗೆಯನ್ನು ನೆನೆಸಿ, ಬಸಿದ ನೀರಿನ ಇ.ಸಿ. (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ, mS/cm) 0.5ಕ್ಕಿಂತ ಕೆಳಗೆ ಇಳಿಯುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಆಮೇಲೆ 25 ಲೀಟರ್ ನೀರಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಒಂದು ರಾತ್ರಿ ನೆನೆಯಿಟ್ಟು, ಮತ್ತೊಮ್ಮೆ ತೊಳೆದು ಹಿಂಡಿ. ಇದನ್ನು ಬಿಟ್ಟರೆ ಹುಡಿ ತಾನೇ ಗೊಬ್ಬರದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ, ಟೊಮೆಟೋ ಕಾಯಿಯ ಕೆಳತುದಿ ಕಪ್ಪಾಗಿ ಕೊಳೆಯಲು ಶುರುವಾಗುತ್ತದೆ. ಬದಿಯಡ್ಕ, ಪೆರ್ಲ ಕಡೆಯ ಗುಡ್ಡೆಗಳ ಸುರಂಗದ ನೀರು, ಮುರಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೆದು, ಅದರಲ್ಲೂ ಕ್ಯಾಲ್ಸಿಯಂ ಕಡಿಮೆ. ಆದ್ದರಿಂದ ಈ ಹೆಜ್ಜೆ ನಮ್ಮಲ್ಲಿ ಇನ್ನೂ ಮುಖ್ಯ.

ಜಲ್ಲಿ ಬಳಸುವವರು ಕ್ವಾರಿಯ ಕರಿಕಲ್ಲಿನ ಸಣ್ಣ ಜಲ್ಲಿಯನ್ನೇ ತೊಳೆದು ಬಳಸಿ. ಮುರಕಲ್ಲಿನ ಚೂರು ಬೇಡ. ಅದು ಹುಡಿಯಾಗಿ ಪಂಪಿಗೆ ಹೋಗುತ್ತದೆ, ಮೇಲಾಗಿ ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಗೊಬ್ಬರದ ರಂಜಕವನ್ನು ಹಿಡಿದಿಟ್ಟು ಗಿಡಕ್ಕೆ ಸಿಗದಂತೆ ಮಾಡುತ್ತವೆ. ಕಡಲಿನ ಹೊಯ್ಗೆ, ಮರುವಾಯಿ ಚಿಪ್ಪು ಬೆರೆತ ಕಲ್ಲೂ ಬೇಡ. ಚಿಪ್ಪಿನ ಸುಣ್ಣದಿಂದ ಪಿಎಚ್ ದಿನದಿನವೂ ಮೇಲೇರುತ್ತದೆ. ಸಂಶಯ ಬಂದರೆ ಒಂದು ಹಿಡಿ ಕಲ್ಲಿಗೆ ವಿನೆಗರ್ ಸುರಿಯಿರಿ, ನೊರೆ ಬಂದರೆ ಬಿಟ್ಟುಬಿಡಿ.

ಎತ್ತರ: ಎಲ್ಲರೂ ತಪ್ಪುವ ಜಾಗ

ನೀರು ಬಸಿದು ಹೋದ ಮೇಲೂ ಚಟ್ಟಿಯ ತಳದಲ್ಲಿ ಕೆಲವು ಸೆಂಟಿಮೀಟರ್ ದಪ್ಪದ ಒಂದು ಪದರ ನೀರು ತುಂಬಿಕೊಂಡೇ ಇರುತ್ತದೆ. ಅದರ ದಪ್ಪ ನಿರ್ಧಾರವಾಗುವುದು ಮಾಧ್ಯಮದ ಕಣ ಎಷ್ಟು ಸಣ್ಣದು ಎಂಬುದರಿಂದ, ಚಟ್ಟಿಯ ಎತ್ತರದಿಂದ ಅಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡ ಹಿಡಿಯಿರಿ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಬರುತ್ತದೆ. ಚಟ್ಟಿಯಲ್ಲೂ ಹಾಗೆಯೇ. 8 ಸೆಂ.ಮೀ. ಎತ್ತರದ ಗಿಡ್ಡ ಚಟ್ಟಿಯಲ್ಲಿ ಬೇರಿನ ಅರ್ಧ ಭಾಗ ಸದಾ ಕೆಸರಿನಲ್ಲಿ ನಿಂತಂತೆ, 15 ಸೆಂ.ಮೀ. ಚಟ್ಟಿಯಲ್ಲಿ ಕಾಲು ಭಾಗ ಮಾತ್ರ.

ಒಳ್ಳೆಯದಾಗಿ ಬಸಿಯಲಿ ಎಂದು ತಳಕ್ಕೆ ಜಲ್ಲಿ ಹಾಸಿ ಮೇಲೆ ನಾರಿನ ಹುಡಿ ತುಂಬುವ ರೂಢಿ ಇದೆ. ಫ್ಲಡ್ ಟೇಬಲ್‌ನಲ್ಲಿ ಇದು ಎರಡು ಬಗೆಯಲ್ಲಿ ಹಾಳು. ಹುಡಿಯ ಒದ್ದೆ ಪದರ ಜಲ್ಲಿಗೆ ಇಳಿಯದೆ ಅದರ ಮೇಲೆಯೇ ನಿಲ್ಲುತ್ತದೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಮತ್ತೆ 3 ಸೆಂ.ಮೀ. ಜಲ್ಲಿ ಹಾಕಿ 5 ಸೆಂ.ಮೀ. ನೀರು ಹತ್ತಿಸಿದರೆ ಹುಡಿಗೆ ತಾಗುವುದು ಬರೀ 2 ಸೆಂ.ಮೀ. ನೀರು. ಕ್ಲೇ ಬಾಲ್ ತುಂಬಿದ ಚಟ್ಟಿಯ ವಿಷಯ ಬೇರೆ. ಅದು ಹಗುರವಾದ್ದರಿಂದ ನೀರು ಏರಿದಾಗ ವಾಲುತ್ತದೆ, ಅಲ್ಲಿ ಭಾರಕ್ಕೆಂದು ಎರಡು ಸೆಂ.ಮೀ. ಜಲ್ಲಿ ಹಾಕಬಹುದು.

ಗಿಡಕ್ಕೆ ತಕ್ಕ ಗಾತ್ರ

ಹರಿವೆ, ಪಾಲಕ್, ಲೆಟ್ಯೂಸ್, ಕೊತ್ತಂಬರಿಯಂಥ ಸೊಪ್ಪಿಗೆ ಒಂದರಿಂದ ಎರಡು ಲೀಟರ್ ಸಾಕು. ಬದನೆ, ಮೆಣಸು, ಬೆಂಡೆಗೆ 8ರಿಂದ 10 ಲೀಟರ್. ಟೊಮೆಟೋ, ಮುಳ್ಳುಸೌತೆ, ಅಲಸಂಡೆಗೆ 10–12 ಲೀಟರ್. ಬಸಳೆ ದಂಟಿನಿಂದಲೇ ಬರುವ ಗಟ್ಟಿ ಗಿಡ, 8 ಲೀಟರ್‌ನಲ್ಲಿ ಚೆನ್ನಾಗಿ ಹಬ್ಬುತ್ತದೆ. ಆದರೆ ಅದರ ಚಪ್ಪರದ ಭಾರ ಮೇಜಿನ ಮೇಲೆ ಬೀಳದಂತೆ ಕಂಬ ನೆಲದಿಂದಲೇ ಬರಲಿ.

120 × 60 ಮೇಜಿನಲ್ಲಿ 15 ಸೆಂ.ಮೀ. ಚೌಕದ ಚಟ್ಟಿ ಎಂಟು ಸಾಲು, ಸಾಲಿಗೆ ನಾಲ್ಕು, ಒಟ್ಟು 32 ಕೂರುತ್ತವೆ. ಹೀಗೆ ಒತ್ತಾಗಿ ಇಡುವುದು ಎಳೆಯ ಸೊಪ್ಪಿಗೆ ಸರಿ. ಲೆಟ್ಯೂಸ್ ಹರಡುತ್ತಿದ್ದಂತೆ ಒಂದು ಬಿಟ್ಟು ಒಂದು ತೆಗೆಯಬೇಕಾಗುತ್ತದೆ. ಮೆಣಸು, ಬದನೆಯಾದರೆ ಇದೇ ಮೇಜಿಗೆ ಎಂಟು ಗಿಡ, ಅದಕ್ಕಿಂತ ಹೆಚ್ಚು ಬೇಡ. ಮಳೆಗಾಲದ ತೇವದಲ್ಲಿ ಎಲೆಗೆ ಎಲೆ ತಾಗಿದರೆ ಬೂಸರು ಹಿಡಿಯುವುದು ಖಂಡಿತ.

ಒಂದೇ ಮೇಜಿನಲ್ಲಿ ಒಂದೇ ಎತ್ತರದ ಚಟ್ಟಿ, ಒಂದೇ ಮಾಧ್ಯಮ ಇರಲಿ. ಗಿಡ್ಡ ಚಟ್ಟಿಯೂ ಎತ್ತರದ ಚಟ್ಟಿಯೂ ಸೇರಿದರೆ ಒಂದು ಮುಳುಗುತ್ತದೆ, ಇನ್ನೊಂದು ಒಣಗುತ್ತದೆ, ಟೈಮರ್ ಹೇಗೆ ತಿರುಗಿಸಿದರೂ ಹೊಂದುವುದಿಲ್ಲ.

ಭಾರವನ್ನೂ ಲೆಕ್ಕ ಹಾಕಿ. ಎರಡು ಲೀಟರ್ ಒದ್ದೆ ನಾರಿನ ಹುಡಿಯ ಚಟ್ಟಿ ಸುಮಾರು ಒಂದೂವರೆ ಕಿಲೋ. ಅಂಥ 32 ಚಟ್ಟಿ 48 ಕಿಲೋ, ನೀರು 36 ಕಿಲೋ. ಅದೇ ಜಲ್ಲಿಯಾದರೆ ಚಟ್ಟಿಗಳೇ ನೂರು ಕಿಲೋ ದಾಟುತ್ತವೆ.

ಯಾವ ಬಗೆಯ ಚಟ್ಟಿ

ಚೌಕದ ನರ್ಸರಿ ಚಟ್ಟಿ ಮೊದಲ ಆಯ್ಕೆ. ಒಂದಕ್ಕೊಂದು ತಾಗಿ ಕೂರುವುದರಿಂದ ವಾಲುವುದಿಲ್ಲ, ನಡುವೆ ಬೆಳಕು ಬಿದ್ದು ಪಾಚಿ ಬೆಳೆಯುವುದಿಲ್ಲ. ದುಂಡಗಿನದು ಕೆಟ್ಟದ್ದೇನಲ್ಲ. ಆದರೆ ಸಂದುಗಳನ್ನು ಮುಚ್ಚಬೇಕು. ತೋಟಗಾರಿಕೆಯ ಅಂಗಡಿಗಳಲ್ಲಿ ಸಿಗುವ, ಒಂದು ಕಡೆ ಬೆಳ್ಳಿ ಬಣ್ಣ, ಇನ್ನೊಂದು ಕಡೆ ಕಪ್ಪಿರುವ ಮಲ್ಚಿಂಗ್ ಶೀಟನ್ನು ಮೇಜಿನ ಮೇಲೆ ಎಳೆದು, ಬೆಳ್ಳಿ ಬಣ್ಣ ಮೇಲೆ ಬರುವಂತೆ ಹಾಸಿ, ಚಟ್ಟಿಯಷ್ಟೇ ತೂತು ಕೊರೆದರೆ ಆಯಿತು.

ನೆಟ್ ಪಾಟ್ ಹೈಡ್ರೋಪೋನಿಕ್ಸ್‌ನ ಗುರುತಿನಂತೆ ಆಗಿಬಿಟ್ಟಿದೆ. ಅದು ಪೈಪಿನ ಸಾಲಿಗೆ, ತೂತಿನ ಮುಚ್ಚಳಕ್ಕೆ ಮಾಡಿದ್ದು. ತೆರೆದ ಮೇಜಿನಲ್ಲಿ ಅದರ ಸುತ್ತಲಿನ ಕಿಟಕಿಗಳಿಂದ ಬೆಳಕು ನೇರ ಬೇರಿಗೆ ಬೀಳುತ್ತದೆ, ನಾರಿನ ಹುಡಿ ಉದುರುತ್ತದೆ, ಬೇರು ಎಲ್ಲ ಕಡೆಯಿಂದ ಹೊರಬಂದು ಪಕ್ಕದ ಚಟ್ಟಿಗೆ ಹೆಣೆದುಕೊಳ್ಳುತ್ತದೆ. ಮುಚ್ಚಿದ ಮೇಜಿಲ್ಲದಿದ್ದರೆ ಬಳಸಬೇಡಿ.

ಗ್ರೋ ಬ್ಯಾಗ್ ನಮ್ಮ ಕಡೆ ಪ್ರತಿ ತಾರಸಿಯಲ್ಲೂ ಇದೆ, ಬದನೆ, ಮೆಣಸಿಗೆ ಚೆನ್ನಾಗಿಯೂ ಇದೆ. ಆದರೆ ಮೇಲಿಂದ ನೀರು ಹಾಕುವ ಕ್ರಮಕ್ಕೆಂದು ಅದರ ತೂತುಗಳು ಹೆಚ್ಚಾಗಿ ಬದಿಯಲ್ಲಿ, ತಳಕ್ಕಿಂತ ಎರಡು ಮೂರು ಸೆಂ.ಮೀ. ಮೇಲೆ ಇರುತ್ತವೆ. ಅದನ್ನು ಹಾಗೆಯೇ ಮೇಜಿಗೆ ಇಟ್ಟರೆ ನೀರು ಒಳಹೋಗುತ್ತದೆ, ತಳದ್ದು ಹೊರಬರುವುದಿಲ್ಲ, ಬೇರು ವಾಸನೆ ಹಿಡಿಯುತ್ತದೆ. ತಳದ ಅಂಚಿನಲ್ಲೇ ಹನ್ನೆರಡು ತೂತು ಹೊಸದಾಗಿ ಹಾಕಿ. ಬಟ್ಟೆಯ ಚೀಲಕ್ಕೆ ನಮ್ಮ ಮಳೆಗಾಲ ಆಗದು. ಬದಿಯೆಲ್ಲ ಪಾಚಿ, ಬೂಸರು. ಬೇಸಗೆಯಲ್ಲಿ ಬದಿಯಿಂದ ನೀರು ಆರಿ ಬಿಳಿ ಉಪ್ಪು ಕಟ್ಟುತ್ತದೆ.

ಮಣ್ಣಿನ ಚಟ್ಟಿ ತಂಪೇನೋ ಹೌದು, ಆದರೆ ಉಪ್ಪು ಹೀರಿಕೊಂಡರೆ ತೊಳೆದು ತೆಗೆಯಲಾಗದು, ರೋಗ ಬಂದರೂ ಅಷ್ಟೇ. ಗೆರಟೆಯಲ್ಲಿ ಹಿಡಿಸುವ ಹುಡಿ ತೀರಾ ಕಡಿಮೆ, ಸಸಿ ಏಳಿಸುವುದಕ್ಕಿಂತ ಹೆಚ್ಚಿನ ಕೆಲಸಕ್ಕೆ ಬಾರದು. ನಾರು ಒತ್ತಿ ಮಾಡಿದ ಚಟ್ಟಿ ದಿನಕ್ಕೆ ಮೂರು ಸಲ ಮುಳುಗಿದರೆ ಬೇಗ ಮೆತ್ತಗಾಗುತ್ತದೆ. ಒಂದು ಬೆಳೆ ಸೊಪ್ಪಿಗೆ ನಡೆದೀತು.

ಪ್ರೋಟ್ರೇಯಲ್ಲಿ (ಸಾಲು ಗುಳಿಗಳಿರುವ ಸಸಿಯ ತಟ್ಟೆ) ಸಸಿ ಮಾಡುವುದಾದರೆ ನೀರು ಒಂದೂವರೆಯಿಂದ ಎರಡು ಸೆಂ.ಮೀ. ಮೀರಬಾರದು. ಮೀರಿದರೆ ಟ್ರೇ ದೋಣಿಯಂತೆ ತೇಲಿ ಒಂದು ಮೂಲೆಗೆ ಹೋಗಿ ನಿಲ್ಲುತ್ತದೆ, ನೀರು ಇಳಿದಾಗ ಅಡ್ಡಾದಿಡ್ಡಿ ಕೂರುತ್ತದೆ. ಅಡ್ಡಕ್ಕೆ ಒಂದು ಪಿವಿಸಿ ಪೈಪು ಒತ್ತಿ ಕಟ್ಟಿದರೆ ತೇಲುವುದಿಲ್ಲ.

ಹಳೆಯ ಬಾಲ್ದಿ, ಡಬ್ಬಿ ಬಳಸುವವರು ತಳದ ತ್ರಿಕೋನದಲ್ಲಿರುವ ಸಂಖ್ಯೆ ನೋಡಿ. 2, 4, 5 ಆದರೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್, ತೊಂದರೆಯಿಲ್ಲ. ಬಣ್ಣದ, ಕೀಟನಾಶಕದ, ಆಸಿಡ್ಡಿನ ಡಬ್ಬಿಯನ್ನು ಎಷ್ಟು ತೊಳೆದರೂ ಬೇಡ, ಇಲ್ಲಿ ಒಂದು ಚಟ್ಟಿಯಿಂದ ಬಿಟ್ಟದ್ದು ಎಲ್ಲ ಚಟ್ಟಿಗೂ ಹೋಗುತ್ತದೆ. ತಗಡಿನ ಡಬ್ಬವೂ ಬೇಡ. ಸತುವಿನ ಲೇಪ ಕರಗಿ ಬೇರನ್ನು ಸುಡುತ್ತದೆ. ಐಸ್‌ಕ್ರೀಮ್ ಡಬ್ಬಿಯಂಥ ಬೆಳಕು ಹಾಯುವ ಪ್ಲಾಸ್ಟಿಕ್ಕಿಗೆ ಮೊದಲು ಕಪ್ಪು, ಮೇಲೆ ಬಿಳಿ ಬಣ್ಣ ಹೊರಗಿನಿಂದ ಬಳಿಯಿರಿ.

ಬಣ್ಣದ ಮಾತು ಬಂದದ್ದರಿಂದ ಹೇಳಬೇಕು: ಒಳಗೆ ಕಪ್ಪು, ಹೊರಗೆ ಬಿಳಿ ಇರುವ ಚಟ್ಟಿ ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ. ಏಪ್ರಿಲ್ ಬಿಸಿಲು ಬದಿಗೆ ಬಡಿದ ಕಪ್ಪು ಚಟ್ಟಿಯೊಳಗೆ ಕೈ ಹಾಕಿದರೆ ಗೊತ್ತಾಗುತ್ತದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನೀರು ಬಿಸಿಯಾದಷ್ಟೂ ಬೇರಿಗೆ ಉಸಿರು ಕಡಿಮೆ, ಕೊಳೆ ರೋಗಕ್ಕೆ ಬಲ ಹೆಚ್ಚು. ಕಪ್ಪು ಚಟ್ಟಿಯೇ ಇದ್ದರೆ ಮೇಜಿನ ಪಡುವಣ ಬದಿಗೆ ಬಿಳಿ ಶೀಟ್ ಕಟ್ಟಿ. ಟ್ಯಾಂಕಿಯನ್ನು ನೆಲದಲ್ಲಿ ಅರ್ಧ ಹೂಳಿದರೂ ತುಂಬ ವ್ಯತ್ಯಾಸವಾಗುತ್ತದೆ.

ತೂತು ಹಾಕುವ ವಿಧಾನ

ಅಂಗಡಿಯ ಹಲವು ಚಟ್ಟಿಗಳಿಗೆ ತಳದ ನಡುವೆ ಒಂದೇ ದೊಡ್ಡ ತೂತು. ಸಪಾಟು ಮೇಜಿನ ಮೇಲೆ ಅದು ಅಂಟಿಕೊಂಡು ಮುಚ್ಚಿಹೋಗುತ್ತದೆ. 15 ಸೆಂ.ಮೀ. ಚಟ್ಟಿಗೆ ತಳದ ಅಂಚಿನ ಸುತ್ತ 6 ಮಿ.ಮೀ.ನ ಎಂಟು ತೂತು, ಬದಿಯ ಗೋಡೆಯಲ್ಲಿ ತಳದಿಂದ ಒಂದು ಸೆಂ.ಮೀ. ಒಳಗೆ ಇನ್ನೂ ನಾಲ್ಕು ಹಾಕಿ. ಡ್ರಿಲ್ ನಿಧಾನ ತಿರುಗಲಿ, ತಳಕ್ಕೆ ಹಲಗೆ ಕೊಟ್ಟರೆ ಪ್ಲಾಸ್ಟಿಕ್ ಸೀಳುವುದಿಲ್ಲ. ಕಾಯಿಸಿದ ಮೊಳೆಯಿಂದಲೂ ಆಗುತ್ತದೆ, ಆದರೆ ಹೊಗೆ ಮೂಗಿಗೆ ಹೋಗದಂತೆ ಹೊರಗೆ ಕೂತು ಮಾಡಿ. ಮೇಜಿಗೆ ಗೆರೆ ಇಲ್ಲದಿದ್ದರೆ ಅರ್ಧ ಸೆಂ.ಮೀ. ದಪ್ಪದ ಪ್ಲಾಸ್ಟಿಕ್ ಪಟ್ಟಿಗಳನ್ನು ನೀರು ಇಳಿಯುವ ದಿಕ್ಕಿಗೇ ಇಟ್ಟು ಅದರ ಮೇಲೆ ಚಟ್ಟಿ ಕೂರಿಸಿ.

ಹುಡಿ ಉದುರದಂತೆ ತಳಕ್ಕೆ ಸೊಳ್ಳೆಪರದೆ ಅಥವಾ ಶೇಡ್‌ನೆಟ್ಟಿನ ತುಂಡು ಸಾಕು. ಹಳೆ ಸೀರೆ, ದಪ್ಪ ಬಟ್ಟೆ ಹಾಕಿದರೆ ಒಂದೇ ತಿಂಗಳಿಗೆ ಕಟ್ಟಿಕೊಳ್ಳುತ್ತದೆ.

ಆರು ಚಟ್ಟಿಯ ಪರೀಕ್ಷೆ

ಒಮ್ಮೆಲೇ ನಲವತ್ತು ಚಟ್ಟಿ ಕೊಳ್ಳಬೇಡಿ. ಆರು ತನ್ನಿ. ತೂತು ಹಾಕಿ, ಒದ್ದೆ ಹುಡಿಯನ್ನು ಒತ್ತದೆ ತುಂಬಿ, ಮೇಲೆ ಎರಡು ಸೆಂ.ಮೀ. ಬಿಡಿ. ಒಂದು ಚಟ್ಟಿಯನ್ನು 5 ಸೆಂ.ಮೀ. ನೀರಿರುವ ಬಾಲ್ದಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ. ಮೇಲ್ಮೈಯಿಂದ ಎರಡು ಬೆರಳು ಕೆಳಗೆ ತೇವ ಬಂದಿರಬೇಕು, ಮೇಲ್ಮೈ ಮಿನುಗಬಾರದು. ಎತ್ತಿ ಹಿಡಿದರೆ ಧಾರೆ ಒಂದೆರಡು ನಿಮಿಷದಲ್ಲಿ ಹನಿಯಾಗಬೇಕು, ಐದಾರು ನಿಮಿಷದಲ್ಲಿ ಹನಿಯೂ ನಿಲ್ಲುವಷ್ಟಾಗಬೇಕು. ಇಲ್ಲವಾದರೆ ತೂತು ಹೆಚ್ಚಿಸಿ ಅಥವಾ ಸಿಪ್ಪೆಯ ತುಂಡು ಬೆರೆಸಿ.

ಹನಿ ನಿಂತ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಣ ಹುಡಿ ತುಂಬಿದ ಅಂಥದೇ ಚಟ್ಟಿಯನ್ನೂ ತೂಗಿದರೆ ಎಷ್ಟು ನೀರು ಹಿಡಿಯಿತೆಂದು ತಿಳಿಯುತ್ತದೆ. ಗಿಡ ನೆಟ್ಟ ಮೇಲೆ ಆ ನೀರಿನ ಕಾಲು ಭಾಗ ಹೋದಾಗ ಮುಂದಿನ ಸಲ ನೀರು ಹತ್ತಿಸುವ ಹೊತ್ತು. ಬೇಸಗೆಯಲ್ಲಿ ಇದು ದಿನಕ್ಕೆ ಎರಡು ಮೂರು ಸಲ ಬರಬಹುದು. ಜುಲೈಯಲ್ಲಿ ದಿನಕ್ಕೆ ಒಂದು ಸಲ, ಮೋಡ ಕವಿದ ವಾರದಲ್ಲಿ ಎರಡು ದಿನಕ್ಕೊಮ್ಮೆ. ಬೇಸಗೆಯ ಟೈಮರನ್ನು ಮಳೆಗಾಲಕ್ಕೂ ಹಾಗೆಯೇ ಬಿಡುವುದೇ ಬೇರು ಕೊಳೆಯಲು ಮೊದಲ ಕಾರಣ.

ಮೇಜಿಗೆ ಇಡುವ ಮೊದಲು ಎಲ್ಲ ಚಟ್ಟಿಯನ್ನೂ ನೆನೆಸಿರಿ. ಒಣ ಹುಡಿಯ 32 ಚಟ್ಟಿ ಮೊದಲ ಸಲಕ್ಕೇ 30 ಲೀಟರ್‌ವರೆಗೆ ಕುಡಿದು, ಟ್ಯಾಂಕಿ ಬರಿದಾಗಿ ಪಂಪು ಸುಟ್ಟುಹೋಗುವುದುಂಟು.

ನಡೆಸುವಾಗ

ವಾರಕ್ಕೊಮ್ಮೆ ಪ್ರತಿ ಚಟ್ಟಿಯನ್ನು ಎತ್ತಿ ಅರ್ಧ ಸುತ್ತು ತಿರುಗಿಸಿ ಇಡಿ. ಹೊರಬಂದ ಬೇರು ಮೇಜಿಗೆ ಹಾಸಿಕೊಂಡು ಇಳಿಯುವ ತೂತನ್ನು ಕಟ್ಟುವುದು ಇದರಿಂದ ತಪ್ಪುತ್ತದೆ. ನೀರು ಇಳಿಯುವ ಬಾಯಿಗೆ ಜಾಲರಿ ಇರಲೇಬೇಕು. ಮೇಜಿನ ಮೂಲೆಯಲ್ಲಿ ಅಂಗೈಯಷ್ಟು ನೀರು ನಿಂತರೂ ಸೊಳ್ಳೆ ಮೊಟ್ಟೆ ಇಡುತ್ತದೆ. ಕಾಲಿಗೆ ಹಲಗೆ ಚೂರು ಕೊಟ್ಟು ಇಳಿಜಾರು ಸರಿಮಾಡಿ, ಟ್ಯಾಂಕಿಗೆ ಮುಚ್ಚಳ ಹಾಕಿ.

ನೀರು ಸದಾ ಕೆಳಗಿನಿಂದ ಬರುವುದರಿಂದ ಉಪ್ಪು ಮೇಲ್ಮೈಯಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಚಟ್ಟಿಯನ್ನು ಮೇಜಿನಿಂದ ಹೊರಗೆ ತೆಗೆದು ಮೇಲಿಂದ ಒಳ್ಳೆಯ ನೀರು ಸುರಿದು ತೊಳೆಯಿರಿ. ಮಂಜೇಶ್ವರ, ಕುಂಬಳೆಯ ಕಡಲ ಬದಿಯಲ್ಲಿ ಬೇಸಗೆಗೆ ಬಾವಿ ಉಪ್ಪಾಗುವವರು ವಾರಕ್ಕೊಮ್ಮೆ ಮಾಡಬೇಕು, ಕೂಡಿಟ್ಟ ಮಳೆನೀರಿದ್ದರೆ ಇದಕ್ಕೇ ಉಳಿಸಿಕೊಳ್ಳಿ.

ಮಳೆಗಾಲದಲ್ಲಿ ಮಾಡು ಇಲ್ಲದೆ ಫ್ಲಡ್ ಟೇಬಲ್ ನಡೆಯದು. ಮೇಜಿಗೆ ಬಿದ್ದ ಮಳೆಯೆಲ್ಲ ಟ್ಯಾಂಕಿಗಿಳಿದು ಗೊಬ್ಬರ ತೆಳುವಾಗಿ ಹೊರಚೆಲ್ಲುತ್ತದೆ. ಅಡಿಕೆ ಒಣಗಿಸಲು ಕಟ್ಟಿದ ಪ್ಲಾಸ್ಟಿಕ್ ಮಾಡು ಮನೆಯಲ್ಲಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಹೆಚ್ಚಾಗಿ ಖಾಲಿ, ಮೇಜನ್ನು ಅಲ್ಲಿಗೆ ಸಾಗಿಸಿ. ಅಡಿಕೆಗೆ ಬೇಕಾದ ಬಿಸಿ ಗಿಡಕ್ಕೆ ಬೇಡ, ಎರಡು ಬದಿಯ ಶೀಟನ್ನು ಸುರುಟಿ ಮೇಲೆ ಕಟ್ಟಿ.

ಮಣ್ಣಿನಲ್ಲಿ ಬೆಳೆದ ಸಸಿಯನ್ನು, ಮಣ್ಣಿನ ಚಟ್ಟಿಯನ್ನು ಮೇಜಿಗೆ ತರಲೇಬಾರದು. ನಮ್ಮ ಹುಳಿ ಮಣ್ಣಿನಲ್ಲಿ ಬದನೆ, ಟೊಮೆಟೋ, ಮೆಣಸಿಗೆ ಬರುವ ಸೊರಗು ರೋಗದ ಬ್ಯಾಕ್ಟೀರಿಯಾ ನೀರಿನಲ್ಲಿ ಸಾಗುತ್ತದೆ. ಹಸಿರಾಗಿದ್ದಂತೆಯೇ ಒಂದು ಗಿಡ ಬಾಗಿತೆಂದರೆ ಚಟ್ಟಿ ಸಮೇತ ಅದನ್ನು ತೆಗೆದು, ಟ್ಯಾಂಕಿಯ ನೀರನ್ನೂ ಬದಲಿಸಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಟೊಮೆಟೋ, ಉಜ್ವಲ ಮೆಣಸು ಈ ರೋಗವನ್ನು ತಡೆದುಕೊಳ್ಳುವ ತಳಿಗಳು, ಬೀಜ ಅವುಗಳದ್ದೇ ತನ್ನಿ. ಬೆಳೆ ಮುಗಿದ ಮೇಲೆ ಚಟ್ಟಿಗಳನ್ನು ತಿಕ್ಕಿ ತೊಳೆದು, ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ಮುಳುಗಿಸಿಡಿ. ಆಮೇಲೆ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ.

ಆರು ಚಟ್ಟಿಯ ಪರೀಕ್ಷೆಗೆ ಹರಿವೆ ಬಿತ್ತಿ. ಮೂರನೇ ವಾರದಲ್ಲಿ ಒಂದನ್ನು ಬೋರಲು ಮಾಡಿ ಬೇರು ಹೆಣೆದ ಹುಡಿಯ ಗಡ್ಡೆಯನ್ನು ಹೊರಗೆ ಜಾರಿಸಿ ನೋಡಿ. ತಳದಲ್ಲಿ ಬೇರು ಕಂದಾಗಿ, ಹಿಡಿದರೆ ಸಿಪ್ಪೆ ಜಾರುವಂತಿದ್ದು ಮೇಲೆ ಮಾತ್ರ ಬೆಳ್ಳಗಿದ್ದರೆ ಇನ್ನೂ ಎತ್ತರದ ಚಟ್ಟಿ ಬೇಕು ಅಥವಾ ನೀರು ಹತ್ತಿಸುವುದು ಕಡಿಮೆಯಾಗಬೇಕು. ಬೇರು ತಳದಲ್ಲಷ್ಟೇ ಸುತ್ತಿಕೊಂಡು ಮೇಲಿನ ಹುಡಿ ಒಣಗಿದ್ದರೆ ನೀರು ಅಲ್ಲಿಗೆ ತಲಪುತ್ತಿಲ್ಲ, ಓವರ್‌ಫ್ಲೋ ಪೈಪನ್ನು ಒಂದು ಸೆಂ.ಮೀ. ಎತ್ತರಿಸಿ. ಮೇಲಿಂದ ಕೆಳಗಿನವರೆಗೆ ಒಂದೇ ಸಮ ಬಿಳಿ ಬೇರು ಹರಡಿದ್ದರೆ ಅದೇ ಅಳತೆಯ ಉಳಿದ 26 ಚಟ್ಟಿ ತರಬಹುದು.